ಹಾವುರಾಣಿಯ ಸ್ಲೈಡು

ನಂಜನಗೂಡಿನಲ್ಲಿ ಕಪಿಲೆ ಎಂದು ಕರೆಸಿಕೊಳ್ಳುವ ಹೊಳೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಊರು ನಂಜನಗೂಡಿನ ಕಡೆ. ನನ್ನ ಸೋದರತ್ತೆಯನ್ನು ಕೊಟ್ಟದ್ದು ತಿ. ನರಸೀಪುರದ ಕಡೆ. ಹೊಳೆ ಹರಿಯುವ ದಿಕ್ಕಿಗೇ ಹೆಣ್ಣು ಕೊಟ್ಟಿದ್ದೀವಿ, ಒಳ್ಳೇದೇ ಆಗ್ತದೆ ಎಂದು ಅಜ್ಜಿ ಹೇಳುತ್ತಿದ್ದಳು.

ಮದುವೆಯಾಗಿ ಎಂಟು ವರ್ಷವಾದರೂ ಅತ್ತೆಗೆ ಮಕ್ಕಳಾಗಲಿಲ್ಲ. ನಂಜುಂಡೇಶ್ವರನ ಸನ್ನಿಧಿಯಲ್ಲಿ ಉರುಳುಸೇವೆ ಮಾಡಿದಳು. ಆಮೇಲೆ ಯಾರೋ ನಾಗದೋಷವಿದೆ ಎಂದರು. ಕೂಡಲಿನಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಬಂದು ಅರಳಿಕಟ್ಟೆಯ ನಾಗರಕಲ್ಲಿಗೆ 48 ದಿನ ಪ್ರದಕ್ಷಿಣೆ ಹಾಕಿದಳು. ಬೇಸಿಗೆ ರಜೆಗೆ ಹೋಗಿದ್ದ ನಾನು ಅವಳ ಸೆರಗು ಹಿಡಿದು ಹಿಂದೆ ಹಿಂದೆ ಸುತ್ತುತ್ತಿದ್ದೆ. ಕಲ್ಲಿನ ಮೇಲೆ ಎರಡು ಹಾವುಗಳು ಜಡೆಯ ಹಾಗೆ ಹೆಣೆದುಕೊಂಡಿದ್ದವು. ಅರಿಶಿನ ಕುಂಕುಮ ಹತ್ತಿ ಹತ್ತಿ ಹೆಡೆಗಳ ಗುರುತು ಸಿಗುತ್ತಿರಲಿಲ್ಲ.

ಅದೇ ರಜೆಯಲ್ಲಿ ಗದ್ದೆ ಬದುವಿನ ಮೇಲೆ ನಿಜವಾದ ಎರಡು ಹಾವುಗಳನ್ನು ನೋಡಿದೆ. ಎರಡೂ ಕೆರೆಹಾವು. ಮೈಗೆ ಮೈ ಸುತ್ತಿಕೊಂಡು ಅರ್ಧ ಆಳೆತ್ತರ ಎದ್ದು ನಿಂತಿದ್ದವು. ಬೀಳುತ್ತಿದ್ದವು, ಮತ್ತೆ ಏಳುತ್ತಿದ್ದವು. ಗದ್ದೆಯಲ್ಲಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಅವುಗಳ ಮೇಲೆ ಎಸೆದರು. ಹಾವು ಹೋದ ಮೇಲೆ ಆ ಟವೆಲ್ಲನ್ನು ಮಡಿಸಿ ಅತ್ತೆಯ ಕೈಗೆ ಕೊಟ್ಟರು. ಜೋಡಿ ಹಾವಿನ ಮೇಲೆ ಬಿದ್ದ ಬಟ್ಟೆ ಮನೆಯಲ್ಲಿದ್ದರೆ ತೊಟ್ಟಿಲು ಕಟ್ಟುತ್ತಾರೆ ಎಂಬ ನಂಬಿಕೆ. ಅತ್ತೆ ಅದನ್ನು ಟ್ರಂಕಿನ ತಳದಲ್ಲಿಟ್ಟಳು.

ಹಾಗೆ ಎದ್ದು ನಿಂತು ಹೆಣೆದುಕೊಳ್ಳುವ ಕೆರೆಹಾವುಗಳು ಗಂಡು ಹೆಣ್ಣಲ್ಲ, ಎರಡೂ ಗಂಡು. ಅದು ಬೇಟವಲ್ಲ, ಕಾಳಗ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಎಂ.ಎಸ್ಸಿ. ಓದುವಾಗ. ನಮ್ಮ ಕಡೆ ಕೆರೆಹಾವೇ ನಾಗರಹಾವಿನ ಗಂಡು ಎಂದು ನಂಬಿದವರೂ ಇದ್ದರು. ಹೊಲಗದ್ದೆಯಲ್ಲಿ ದಿನವೂ ಹಾವು, ಓತಿಕ್ಯಾತ, ಹಾವುರಾಣಿಗಳನ್ನು ಕಂಡವರಿಗೂ ಅವುಗಳಲ್ಲಿ ಗಂಡು ಯಾವುದು, ಗಂಡಿನೊಳಗೆ ಏನು ನಡೆಯುತ್ತದೆ ಎಂಬುದು ಮರೆಯಾಗಿಯೇ ಇತ್ತು. ಮನುಷ್ಯರ ವಿಷಯದಲ್ಲೂ ಅಷ್ಟೇ. ಅತ್ತೆಯ ಅತ್ತೆ ಒಂದು ಮಾತು ಹೇಳುತ್ತಿದ್ದರು: "ಹೊಲ ಬಂಜರಾದ್ರೆ ಬಿತ್ತೋನು ಏನ್ ಮಾಡಾನು?"

ಈ ಮಾತಿಗೆ ದೊಡ್ಡ ಚರಿತ್ರೆಯೇ ಇದೆ. ಆ ಚರಿತ್ರೆಯ ಒಂದು ಎಳೆ ಮೈಸೂರು ವಿಶ್ವವಿದ್ಯಾಲಯದ ಪ್ರಯೋಗಾಲಯಗಳ ಮೂಲಕ, ನಮ್ಮ ಹಿತ್ತಲಲ್ಲಿ ಓಡಾಡುವ ಹಾವುರಾಣಿಯ ಮೂಲಕ ಹಾದುಹೋಗುತ್ತದೆ. ಅದನ್ನು ಹೇಳಲೆಂದೇ ಈ ಬರಹ.

*

ಗಂಡು ಬೀಜ, ಹೆಣ್ಣು ಹೊಲ ಎಂಬ ಹೋಲಿಕೆ ನಮ್ಮಲ್ಲಿ ಹಳೆಯದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಬೀಜ ಮತ್ತು ಕ್ಷೇತ್ರಗಳಲ್ಲಿ ಯಾವುದು ಹೆಚ್ಚು ಎಂದು ಚರ್ಚಿಸಿ ಬೀಜದ ಕಡೆಗೆ ವಾಲುತ್ತದೆ. ಆದರೆ ಇದು ನಮ್ಮೊಬ್ಬರದೇ ಕಲ್ಪನೆಯಲ್ಲ. ಯುರೋಪಿನಲ್ಲಿ ಸೂಕ್ಷ್ಮದರ್ಶಕ ಬಂದ ಮೇಲೂ ಜನ ಅದರೊಳಗೆ ಕಂಡದ್ದು ಇದೇ ಹೋಲಿಕೆಯನ್ನು.

1677ರಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ವೀರ್ಯವನ್ನು ನೋಡಿದ. ಬಾಲ ಬಡಿಯುತ್ತ ಈಜುವ ಜೀವಿಗಳು ಕಂಡವು. ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆಯುವಾಗ ಅವನಿಗೆ ಸಂಕೋಚ. ಇದು ಪಾಪದ ದಾರಿಯಿಂದ ಸಿಕ್ಕಿದ್ದಲ್ಲ, ದಾಂಪತ್ಯದಲ್ಲಿ ಸಹಜವಾಗಿ ಉಳಿದದ್ದು ಎಂದು ಸಮಜಾಯಿಷಿ ಕೊಟ್ಟ. ವಿದ್ವಾಂಸರಿಗೆ ಹೇಸಿಗೆ ಎನಿಸಿದರೆ ಪ್ರಕಟಿಸುವುದು ಬೇಡ ಎಂದೂ ಸೇರಿಸಿದ. ಗಂಡಿನ ಪಾಲನ್ನು ಮೊದಲ ಸಲ ಕಣ್ಣಾರೆ ಕಂಡವನು ನಾಚಿಕೆಯಿಂದಲೇ ಮಾತು ಶುರುಮಾಡಿದ್ದ.

1694ರಲ್ಲಿ ನಿಕೊಲಾಸ್ ಹಾರ್ಟ್‌ಸೂಕರ್ ಒಂದು ಚಿತ್ರ ಬರೆದ. ವೀರ್ಯಾಣುವಿನ ತಲೆಯೊಳಗೆ ಮೊಣಕಾಲು ಮಡಿಸಿ ಕೂತ ಪುಟ್ಟ ಮನುಷ್ಯ. ಅದನ್ನು ಅವನು ಕಂಡಿರಲಿಲ್ಲ, ಹೀಗಿರಬಹುದು ಎಂದು ಊಹಿಸಿದ್ದ. ಈ ಪಂಥದವರ ಪ್ರಕಾರ ಮಗು ಪೂರ್ತಿಯಾಗಿ ಗಂಡಿನಲ್ಲೇ ಇದೆ. ಹೆಣ್ಣಿನ ಒಡಲು ಅದಕ್ಕೆ ಜಾಗ, ಗೊಬ್ಬರ, ನೀರು. ಅತ್ತೆಯ ಅತ್ತೆ ಹೇಳಿದ್ದೂ ಅದನ್ನೇ ಅಲ್ಲವೇ? ಅದಕ್ಕೆ ಎದುರಾಗಿ ಮಗು ಪೂರ್ತಿಯಾಗಿ ಹೆಣ್ಣಿನ ಅಂಡದಲ್ಲೇ ಇದೆ ಎನ್ನುವ ಪಂಥವೂ ಇತ್ತು. ಇಬ್ಬರ ಪಾಲೂ ಸಮ ಎನ್ನುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು.

ಇಟಲಿಯ ಸ್ಪಲಾಂಜಾನಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗಂಡು ಕಪ್ಪೆಗಳಿಗೆ ಟಾಫೆಟಾ ಬಟ್ಟೆಯ ಚಡ್ಡಿ ಹೊಲಿದು ತೊಡಿಸಿದ. ಚಡ್ಡಿ ತೊಟ್ಟ ಗಂಡಿನ ಜೊತೆಗಿದ್ದ ಹೆಣ್ಣಿನ ಮೊಟ್ಟೆಗಳು ಮರಿಯಾಗಲಿಲ್ಲ. ವೀರ್ಯವನ್ನು ಸೋಸಿದಾಗ, ಸೋಸುಕಾಗದದ ಮೇಲೆ ಉಳಿದ ಗಸಿಗೆ ಮಾತ್ರ ಫಲ ಕೊಡುವ ಶಕ್ತಿ ಇತ್ತು. ಇಷ್ಟು ಹತ್ತಿರ ಬಂದೂ ಆತ, ಆ ಈಜುವ ಜೀವಿಗಳು ವೀರ್ಯದಲ್ಲಿ ವಾಸಿಸುವ ಪರಾವಲಂಬಿ ಹುಳುಗಳು ಎಂದೇ ತಿಳಿದಿದ್ದ. 1827ರಲ್ಲಿ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದ ಕಾರ್ಲ್ ಅರ್ನ್ಸ್ಟ್ ವಾನ್ ಬೇರ್ ಅದೇ ವರ್ಷ ಅವಕ್ಕೆ ಬೀಜದ ಪ್ರಾಣಿಗಳು ಎಂಬ ಅರ್ಥ ಬರುವ ಸ್ಪರ್ಮಟೊಜೋವ ಎಂಬ ಹೆಸರಿಟ್ಟ. ಅವನ ಮಟ್ಟಿಗೂ ಅವು ಪರಾವಲಂಬಿಗಳೇ.

1841ರಲ್ಲಿ ಆಲ್ಬರ್ಟ್ ಕೋಲಿಕರ್ ಈ ಗೊಂದಲ ಬಿಡಿಸಿದ. ಇವು ಹೊರಗಿನಿಂದ ಬಂದ ಹುಳುಗಳಲ್ಲ, ವೃಷಣದ ಕೋಶಗಳೇ ಹೀಗೆ ರೂಪಾಂತರ ಹೊಂದುತ್ತವೆ ಎಂದು ತೋರಿಸಿದ. 1865ರಲ್ಲಿ ಎನ್ರಿಕೊ ಸರ್ಟೋಲಿ, ಬೆಳೆಯುವ ಈ ಕೋಶಗಳನ್ನು ಸುತ್ತುವರಿದು ಸಾಕುವ ದಾದಿಕೋಶಗಳನ್ನು ಗುರುತಿಸಿದ. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲಚಿಳ್ಳೆಯ ಅಂಡದೊಳಗೆ ಎರಡು ಕೋಶಕೇಂದ್ರಗಳು ಬೆಸೆಯುವುದನ್ನು ಕಂಡ. ಗಂಡಿನದೊಂದು, ಹೆಣ್ಣಿನದೊಂದು. ಬೀಜ–ಹೊಲದ ಲೆಕ್ಕ ವಿಜ್ಞಾನದಲ್ಲಿ ಅಲ್ಲಿಗೆ ಮುಗಿಯಿತು. ಊರಿನಲ್ಲಿ ಮುಗಿಯಲಿಲ್ಲ.

*

ಕೋಲಿಕರ್ ಎತ್ತಿದ ಪ್ರಶ್ನೆ ಮುಂದಿನ ನೂರು ವರ್ಷಗಳ ಕೆಲಸವಾಯಿತು. ದುಂಡಗಿನ ಸಾಮಾನ್ಯ ಕೋಶವೊಂದು ಬಾಣದಂಥ ತಲೆ, ಉದ್ದನೆಯ ಬಾಲ ಪಡೆಯುವುದು ಹೇಗೆ? ಒಂದೊಂದು ದೇಶದವರು ಒಂದೊಂದು ಪ್ರಾಣಿಯನ್ನು ಹಿಡಿದು ನೋಡಿದರು. ಮೈಸೂರು ಸಂಸ್ಥಾನದವರ ಪಾಲಿಗೆ ಬಂದದ್ದು ಸ್ವಾರಸ್ಯದ ಪ್ರಾಣಿ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದಾಗ ವಿಜ್ಞಾನದ ಪಾಠಗಳು ನಡೆಯುತ್ತಿದ್ದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅಲ್ಲಿ ಪ್ರಾಣಿಶಾಸ್ತ್ರ ಕಟ್ಟಿದವರು ಸಿ. ಆರ್. ನಾರಾಯಣರಾವ್. ಪಶ್ಚಿಮಘಟ್ಟದ ಕಪ್ಪೆಗಳನ್ನು ಹುಡುಕಿ ಹೆಸರಿಟ್ಟವರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರ ಗರಡಿಯಲ್ಲಿ ಪಳಗಿದವರು ಬಿ. ಆರ್. ಶೇಷಾಚಾರ್.

ಶೇಷಾಚಾರ್ ಆರಿಸಿಕೊಂಡದ್ದು ಇಕ್ತಿಯೋಫಿಸ್ ಎಂಬ ಜೀವಿ. ಮಲೆನಾಡಿನ ಒದ್ದೆ ಮಣ್ಣಿನೊಳಗೆ ಬದುಕುತ್ತದೆ. ಕಾಲಿಲ್ಲ, ಕಣ್ಣು ಇದೆಯೋ ಇಲ್ಲವೋ ಎನ್ನುವಂತಿದೆ, ದೊಡ್ಡ ಎರೆಹುಳುವೋ ಸಣ್ಣ ಹಾವೋ ಎಂದು ತಿಳಿಯದೆ ನೋಡಿದವರು ಬೆಚ್ಚುತ್ತಾರೆ. ಲಿನೇಯಸ್ 1758ರಲ್ಲಿ ಈ ಗುಂಪನ್ನು ಹಾವುಗಳ ಸಾಲಿನಲ್ಲೇ ಇಟ್ಟಿದ್ದ. ನಿಜಕ್ಕೂ ಇದು ಕಪ್ಪೆಯ ದೂರದ ನೆಂಟ, ಉಭಯವಾಸಿ. ಇದರ ವೃಷಣ ಉದ್ದಕ್ಕೆ ಪೋಣಿಸಿದ ಮಣಿಸರದ ಹಾಗೆ. ಒಂದೊಂದು ಮಣಿಯೊಳಗೂ ಸಣ್ಣ ಸಣ್ಣ ಕೋಣೆಗಳು. ಕೋಣೆಯಲ್ಲಿ ಗುಂಪು ಗುಂಪಾಗಿ ಕೋಶಗಳು. ಒಂದು ಗುಂಪಿನ ಕೋಶಗಳೆಲ್ಲ ಒಟ್ಟಿಗೇ ಒಂದು ಹಂತದಲ್ಲಿರುತ್ತವೆ. ಬದಲಾವಣೆಯನ್ನು ಹೆಜ್ಜೆಹೆಜ್ಜೆಯಾಗಿ ಓದಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಸಿಗುವುದು ಕಷ್ಟ.

ಅವರು ಅದನ್ನು ಮೂರು ಭಾಗಗಳಲ್ಲಿ ಓದಿದರು. ಮೂಲ ಕೋಶಗಳ ವಿಭಜನೆಯ ಬಗ್ಗೆ 1936ರಲ್ಲಿ, ವರ್ಣತಂತುಗಳು ಅರ್ಧವಾಗುವ ವಿಭಜನೆಯ ಬಗ್ಗೆ 1937ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಬರೆದರು. ಯುದ್ಧದ ನಡುವೆ, 1943ರಲ್ಲಿ, ದುಂಡು ಕೋಶ ವೀರ್ಯಾಣುವಾಗಿ ರೂಪ ತಾಳುವ ಕೊನೆಯ ಘಟ್ಟವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1939ರಲ್ಲಿ ಇದೇ ವರ್ಗದ ಹೊಸ ಪ್ರಭೇದವೊಂದಕ್ಕೆ ಗುರುವಿನ ನೆನಪಿಗೆ ಯುರಿಯೊಟಿಫ್ಲಸ್ ನಾರಾಯಣಿ ಎಂದು ಹೆಸರಿಟ್ಟರು. ಮುಂದೆ ದೆಹಲಿ ವಿಶ್ವವಿದ್ಯಾಲಯಕ್ಕೆ ಹೋದರು. 1970ರ ದಶಕದ ಆರಂಭದಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು.

ಆ ಕಾಲದ ಕೆಲಸದ ಬಗೆಯನ್ನು ನೆನೆಯಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮ್ಮಲ್ಲಿಗೆ ಬಂದಿರಲಿಲ್ಲ. ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗಕ್ಕಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಕೋಶವಿಜ್ಞಾನಿಗಳು ಕ್ಯಾಮೆರಾ ಲೂಸಿಡಾ ಸಿಕ್ಕಿಸಿಕೊಂಡು, ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಗೆರೆಗೆರೆಯಾಗಿ ಬರೆಯುತ್ತಿದ್ದರು. ಒಂದು ಹಂತ ತಪ್ಪಿದರೆ ಮುಂದಿನ ಹಂತ ಅರ್ಥವಾಗುತ್ತಿರಲಿಲ್ಲ.

*

ಕುವೆಂಪು ಕುಲಪತಿಗಳಾಗಿದ್ದಾಗ ಕನಸು ಕಂಡು ಹೆಸರಿಟ್ಟ ಮಾನಸಗಂಗೋತ್ರಿಗೆ ನಾನು ಎಂ.ಎಸ್ಸಿ. ಪ್ರಾಣಿಶಾಸ್ತ್ರಕ್ಕೆ ಸೇರಿದ್ದು 1986ರಲ್ಲಿ. ತೇಜಸ್ವಿಯವರ 'ಕರ್ವಾಲೊ' ಬಂದು ಆರು ವರ್ಷವಾಗಿತ್ತು. ಹಾರುವ ಓತಿಯ ಹಿಂದೆ ಬಿದ್ದ ಆ ವಿಜ್ಞಾನಿಯನ್ನು ಓದಿ ಪ್ರಾಣಿಶಾಸ್ತ್ರ ಆರಿಸಿಕೊಂಡವರು ನಮ್ಮ ತರಗತಿಯಲ್ಲೇ ಇಬ್ಬರಿದ್ದರು. ನಮಗೆ ಸಿಕ್ಕಿದ್ದು ಹಾರದ ಓತಿಗಳು.

ಮೈಸೂರಿನಲ್ಲಿ ಆ ಹೊತ್ತಿಗೆ ಸರೀಸೃಪಗಳ ಸಂತಾನಕ್ರಿಯೆಯ ಅಧ್ಯಯನ ಬೇರೂರಿತ್ತು. ಎಚ್. ಬಿ. ದೇವರಾಜ ಸರ್ಕಾರ್ ಮತ್ತು ಟಿ. ಶಿವಾನಂದಪ್ಪ 1970ರ ದಶಕದಲ್ಲೇ ಹಾವುರಾಣಿಯ ಮೇಲೆ ಕೆಲಸ ಮಾಡಿದ್ದರು. ಹಿತ್ತಲಿನ ಕಲ್ಲುಗುಡ್ಡೆಯ ಸಂದಿಯಿಂದ ಕಂಚಿನ ಬಣ್ಣದ ಮೈ ಹೊಳೆಯಿಸುತ್ತ ಸರಕ್ಕನೆ ಜಾರಿಹೋಗುವ ಅದೇ ಹಾವುರಾಣಿ. ಆಗ ಅದರ ಹೆಸರು ಮಬುಯ ಕ್ಯಾರಿನೇಟ, ಈಗ ಯುಟ್ರೋಪಿಸ್ ಕ್ಯಾರಿನೇಟ. ಧಾರವಾಡದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ಜೊತೆಯವರು ಓತಿಕ್ಯಾತವನ್ನು ಹಿಡಿದಿದ್ದರು. ಮುಂಗಾರಿನ ಹೊತ್ತಿಗೆ ಗಂಡು ಓತಿಕ್ಯಾತದ ತಲೆ, ಕೊರಳು ಕೆಂಪೇರುತ್ತದೆ. ದೂರದಿಂದಲೇ ನಮ್ಮ ರಕ್ತ ಹೀರುತ್ತದೆ ಎಂದು ಹುಡುಗರು ಕಲ್ಲು ಬೀರುತ್ತಿದ್ದುದು ಆ ಬಣ್ಣಕ್ಕೇ. ಅದು ರಕ್ತವಲ್ಲ, ವೃಷಣ ಕೆಲಸಕ್ಕೆ ಇಳಿದಿದೆ ಎನ್ನುವುದರ ಗುರುತು.

ವೃಷಣದ ಸ್ಲೈಡು ಮಾಡುವುದನ್ನು ನಮಗೆ ಕಲಿಸಿದರು. ಅಂಗಾಂಶವನ್ನು ಬೋವಿನ್ ದ್ರಾವಣದಲ್ಲಿ ಇಟ್ಟರೆ ಅರಿಶಿನದಷ್ಟು ಹಳದಿಯಾಗುತ್ತದೆ. ನೀರಿಳಿಸಿ, ಮೇಣದಲ್ಲಿ ಅಚ್ಚು ಹಾಕಿ, ಮೈಕ್ರೊಟೋಮಿನಲ್ಲಿ ಹೆರೆದರೆ ತೆಳ್ಳಗಿನ ರಿಬ್ಬನ್ನು ಬರುತ್ತದೆ. ಬೆಚ್ಚನೆ ನೀರಿನ ಮೇಲೆ ತೇಲಿಸಿ ಗಾಜಿಗೆ ಹತ್ತಿಸಿ ಬಣ್ಣ ಕಟ್ಟಬೇಕು. ಪ್ರತಿ ಸ್ಲೈಡಿನ ಹಿಂದೆ ಒಂದು ಸತ್ತ ಪ್ರಾಣಿ ಇತ್ತು ಎಂಬುದನ್ನು ಆಗ ನಾವು ಹೆಚ್ಚು ಯೋಚಿಸಲಿಲ್ಲ. ಇಂದಿನ ವಿದ್ಯಾರ್ಥಿಗಳು ಹಾಗೆ ಪ್ರಾಣಿ ಕೊಯ್ಯುವುದಿಲ್ಲ, ಅದು ಸರಿಯೇ.

ಸ್ಲೈಡಿನಲ್ಲಿ ಕಂಡದ್ದನ್ನು ಸರಳವಾಗಿ ಹೇಳುತ್ತೇನೆ. ವೃಷಣದ ತುಂಬ ಕೊಳವೆಗಳು. ಕೊಳವೆಯ ಹೊರ ಅಂಚಿನಲ್ಲಿ ಮೂಲ ಕೋಶಗಳು. ಅವು ಒಡೆದು, ವರ್ಣತಂತುಗಳನ್ನು ಅರ್ಧ ಮಾಡಿಕೊಂಡು ಒಳಗೆ ಸರಿಯುತ್ತ ಬಂದು ಸ್ಪರ್ಮಾಟಿಡ್ ಎಂಬ ದುಂಡು ಕೋಶಗಳಾಗುತ್ತವೆ. ಅಲ್ಲಿಂದ ಮುಂದೆ ವಿಭಜನೆ ಇಲ್ಲ. ಇದ್ದ ಕೋಶವೇ ತನ್ನನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ಕೆಲಸ.

ಮೊದಲು ಕೋಶದ ಗಾಲ್ಗಿ ಸಂಕೀರ್ಣದಿಂದ ಸಣ್ಣ ಸಣ್ಣ ಚೀಲಗಳು ಹೊರಟು, ಕೂಡಿ, ಒಂದು ದೊಡ್ಡ ಗುಳ್ಳೆಯಾಗುತ್ತದೆ. ಆ ಗುಳ್ಳೆ ಕೋಶಕೇಂದ್ರದ ನೆತ್ತಿಗೆ ಬಂದು ಅಂಟುತ್ತದೆ. ಅಂಟಿದ ಜಾಗದಲ್ಲಿ ಕೋಶಕೇಂದ್ರ ಗುಳಿ ಬೀಳುತ್ತದೆ. ಆಮೇಲೆ ಗುಳ್ಳೆ ಚಪ್ಪಟೆಯಾಗಿ ಟೋಪಿಯ ಹಾಗೆ ಕೂರುತ್ತದೆ. ಇದೇ ಆಕ್ರೊಸೋಮ್. ಅಂಡದ ಹೊದಿಕೆಯನ್ನು ದಾಟಲು ಬೇಕಾದ ಕಿಣ್ವಗಳು ಇದರಲ್ಲಿವೆ. ಹಾವು, ಹಲ್ಲಿ, ಹಾವುರಾಣಿಗಳಲ್ಲಿ ಈ ಟೋಪಿಯೊಳಗೆ ಸೂಜಿಯಂಥ ಒಂದು ಕಡ್ಡಿಯೂ ಬೆಳೆಯುತ್ತದೆ. ಆಮೆ, ಮೊಸಳೆಗಳಲ್ಲಿ ಕೋಶಕೇಂದ್ರದೊಳಗೇ ಕಾಲುವೆ ಕೊರೆದಿರುತ್ತದೆ. ಹಾವು ಹಲ್ಲಿಗಳ ಕುಲದಲ್ಲಿ ಆ ಕಾಲುವೆ ಇಲ್ಲ.

ಕೋಶಕೇಂದ್ರದ ಎದುರು ತುದಿಯಲ್ಲಿ ಸೆಂಟ್ರಿಯೋಲುಗಳು ಬಾಲ ಹೊಸೆಯಲು ಶುರುಮಾಡುತ್ತವೆ. ದುಂಡಗಿದ್ದ ಕೋಶಕೇಂದ್ರ ಉದ್ದವಾಗುತ್ತದೆ. ಸುತ್ತ ಸೂಕ್ಷ್ಮನಾಳಗಳು ಪೊರಕೆಕಡ್ಡಿಯ ಕಟ್ಟಿನಂತೆ ನಿಲ್ಲುತ್ತವೆ. ಒಳಗಿನ ಡಿಎನ್‌ಎ ಹಳೆಯ ಪ್ರೋಟೀನುಗಳನ್ನು ಬಿಟ್ಟು ಬೇರೆ ಪ್ರೋಟೀನುಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡು, ಮೊದಲು ಕಾಳು ಕಾಳಾಗಿ, ಆಮೇಲೆ ಎಳೆ ಎಳೆಯಾಗಿ, ಕೊನೆಗೆ ಒಂದೇ ಕಪ್ಪು ಸೂಜಿಯಾಗುತ್ತದೆ. ಚೆದುರಿದ್ದ ಮೈಟೊಕಾಂಡ್ರಿಯಾಗಳು ಬಾಲದ ಬುಡಕ್ಕೆ ಬಂದು ಸುತ್ತಿಕೊಳ್ಳುತ್ತವೆ; ದಾರಿಯ ಬುತ್ತಿ ಅದು. ಮಿಕ್ಕ ಕೋಶರಸವೆಲ್ಲ ಬೇಡದ ಗಂಟು. ಅದನ್ನು ಕಳಚಿ ಹಾಕುತ್ತದೆ, ದಾದಿಕೋಶ ನುಂಗಿ ಜೀರ್ಣಿಸಿಕೊಳ್ಳುತ್ತದೆ. ಆಮೇಲೆ ಕೊಳವೆಯ ನಡುವಿನ ಬಯಲಿಗೆ ಬಿಡುಗಡೆ.

ಗಾಲ್ಗಿಯ ಗುಳ್ಳೆ, ಸೂಕ್ಷ್ಮನಾಳಗಳ ಕಟ್ಟು, ಟೋಪಿಯೊಳಗಿನ ಕಡ್ಡಿ ಇವೆಲ್ಲ ಸ್ಪಷ್ಟವಾದದ್ದು 1950ರ ದಶಕದಿಂದ ಈಚೆಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. ಆ ಫೋಟೊಗಳನ್ನು ನಾವು ಪುಸ್ತಕದಲ್ಲಿ ನೋಡಿದೆವು. ನಮ್ಮ ಕಣ್ಣಿಗೆ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ದುಂಡು ಚುಕ್ಕೆಗಳು, ಉದ್ದ ಚುಕ್ಕೆಗಳು, ಕಡೆಗೆ ಸೂಜಿಗಳ ಕಂತೆ. ಅಷ್ಟಾದರೂ ಕಂಡಿತಲ್ಲ ಎಂಬ ಸಂತೋಷ.

*

ಸರೀಸೃಪಗಳನ್ನೇ ಯಾಕೆ ನೋಡಬೇಕು? ಇಲಿಯಲ್ಲಿ ನೋಡಿದರೆ ಸಾಲದೇ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ನಿಧಾನವಾಗಿ ರೂಪುಗೊಂಡಿತು. ಇಕ್ತಿಯೋಫಿಸ್, ಕಪ್ಪೆಗಳಲ್ಲಿ ಕೋಶಗಳು ಕೋಣೆಯೊಳಗೆ ಗುಂಪಾಗಿ, ಒಟ್ಟಿಗೆ ಬೆಳೆಯುತ್ತವೆ. ಇಲಿ, ಮನುಷ್ಯರಲ್ಲಿ ಕೊಳವೆಯ ಗೋಡೆಯಲ್ಲಿ ಪದರ ಪದರವಾಗಿ, ಸರದಿಯ ಮೇಲೆ, ಎಡೆಬಿಡದೆ ಬೆಳೆಯುತ್ತವೆ. ಹಾವು ಹಲ್ಲಿಗಳದ್ದು ಎರಡರ ನಡುವಿನ ದಾರಿ. ರಚನೆ ನೋಡಿದರೆ ನಮ್ಮಂತೆಯೇ ಪದರವಿರುವ ಕೊಳವೆ. ನಡೆ ನೋಡಿದರೆ ಕಪ್ಪೆಯಂತೆ, ಇಡೀ ವೃಷಣ ಒಂದೇ ಅಲೆಯಾಗಿ ಋತುವಿನ ಜೊತೆಗೆ ಸಾಗುತ್ತದೆ. ಅಮೆರಿಕದ ಕೆವಿನ್ ಗ್ರಿಬ್ಬಿನ್ಸ್ ಮತ್ತು ಜೊತೆಯವರು ಈ ಮಾತನ್ನು ಹಲವು ಪ್ರಭೇದಗಳಲ್ಲಿ ತೋರಿಸಿದ್ದಾರೆ.

ಋತು ಮುಗಿದ ಮೇಲೆ ಹಾವುರಾಣಿಯ ವೃಷಣ ಕುಗ್ಗಿಹೋಗುತ್ತದೆ. ಕೊಳವೆಯಲ್ಲಿ ಮೂಲ ಕೋಶಗಳು, ದಾದಿಕೋಶಗಳು ಮಾತ್ರ ಉಳಿದು ನಡುವೆಲ್ಲ ಬರಿದು. ಗಂಡಿನ ಮೂತ್ರಪಿಂಡದಲ್ಲಿ ವೀರ್ಯಕ್ಕೆ ರಸ ಕೂಡಿಸುವ ಒಂದು ಭಾಗವಿದೆ. ಅದೂ ಋತುವಿನಲ್ಲಿ ಉಬ್ಬಿ, ಆಮೇಲೆ ಇಳಿಯುತ್ತದೆ. ಇದು ಗಂಡು ಹಾರ್ಮೋನಿನ ಹಿಡಿತದಲ್ಲಿದೆ ಎಂಬುದನ್ನು ಸರ್ಕಾರ್, ಶಿವಾನಂದಪ್ಪ ಅವರು ಹಾವುರಾಣಿಯಲ್ಲಿ ವಿವರಿಸಿದ್ದರು. ಮುಂದೆ 2000ದ ದಶಕದಲ್ಲಿ ಮೈಸೂರಿನವರೇ ಆದ ಎಚ್. ಎನ್. ಯಜುರ್ವೇದಿ ಮತ್ತು ಅವರ ಜೊತೆಯವರು ಇನ್ನೊಂದು ಸಂಗತಿ ತೋರಿಸಿದರು. ಹಿಡಿಯುವುದು, ಅಟ್ಟಾಡಿಸುವುದು, ಗದ್ದಲ ಇಂಥ ಕಿರುಕುಳಕ್ಕೆ ಮತ್ತೆ ಮತ್ತೆ ಸಿಕ್ಕ ಗಂಡು ಹಾವುರಾಣಿಗಳಲ್ಲಿ ವೃಷಣ ಮತ್ತೆ ಚಿಗುರುವುದೇ ಕುಂಠಿತವಾಗುತ್ತದೆ.

ಹಾಗಾದರೆ ಗಂಡಿನ ಬೀಜ ಎನ್ನುವುದು ಸದಾ ಸಿದ್ಧವಾಗಿ ಕಣಜದಲ್ಲಿ ಬಿದ್ದಿರುವ ವಸ್ತುವಲ್ಲ. ಅದನ್ನು ಪ್ರತಿ ಸಲ ಹೊಸದಾಗಿ ಕಟ್ಟಬೇಕು. ಕಟ್ಟುವ ಹಾದಿಯಲ್ಲಿ ಹತ್ತಾರು ತಿರುವುಗಳಿವೆ, ಯಾವ ತಿರುವಿನಲ್ಲಾದರೂ ಕೆಲಸ ಕೆಡಬಹುದು. ಮನುಷ್ಯನಿಗೆ ಹಾವುರಾಣಿಯಂಥ ಋತುವಿಲ್ಲ. ಆದರೆ ಹಾದಿ ಅದೇ, ತಿರುವುಗಳೂ ಬಹುಪಾಲು ಅವೇ. ಕೆಲವು ಗಂಡಸರಲ್ಲಿ ಗಾಲ್ಗಿಯ ಗುಳ್ಳೆ ಕೋಶಕೇಂದ್ರದ ಮೇಲೆ ಟೋಪಿಯಾಗಿ ಕೂರುವುದೇ ಇಲ್ಲ. ವೀರ್ಯಾಣುವಿನ ತಲೆ ಗುಂಡಗೇ ಉಳಿದು, ಈಜಿದರೂ ಅಂಡದೊಳಗೆ ಹೋಗಲಾರದು. ಇನ್ನು ಕೆಲವರಲ್ಲಿ ಕೊಳವೆಯೊಳಗೆ ದಾದಿಕೋಶಗಳು ಬಿಟ್ಟರೆ ಬೇರೇನೂ ಇರುವುದಿಲ್ಲ. 1947ರಲ್ಲಿ ಅರ್ಜೆಂಟೀನಾದ ಡೆಲ್ ಕಾಸ್ಟಿಯೊ ಮತ್ತು ಸಂಗಡಿಗರು ಅಂಥ ಗಂಡಸರನ್ನು ವರದಿ ಮಾಡಿದ್ದರು. ಅವರು ನೋಡಲು ಗಟ್ಟಿಮುಟ್ಟು, ಗಡ್ಡ ಮೀಸೆ ಎಲ್ಲ ಸರಿ. ಮಕ್ಕಳಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ ಎಂಬುದು ಇಂದು ವೈದ್ಯರೆಲ್ಲ ಒಪ್ಪುವ ಮಾತು. ವೀರ್ಯ ಪರೀಕ್ಷೆ ಹೇಗೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲ ಕೈಪಿಡಿ ತಂದದ್ದು 1980ರಲ್ಲಿ.

1980! ಅಷ್ಟು ಹೊತ್ತಿಗೆ ಅತ್ತೆಯ ಮನೆಗೆ ಸವತಿ ಬಂದು ಏಳು ವರ್ಷವಾಗಿತ್ತು.

*

ಅದನ್ನು ಹೇಳಬೇಕು. ನಾಗರಕಲ್ಲಿನ ಪ್ರದಕ್ಷಿಣೆಗಳು ಮುಗಿದು ಎರಡು ವರ್ಷ ಕಾದು, ಮಾವನಿಗೆ ಎರಡನೆಯ ಮದುವೆ ಮಾಡಿದರು. ಕಾನೂನು ಬೇಡವೆಂದರೂ ಊರು ಬೇಡವೆನ್ನಲಿಲ್ಲ. ಬಂದ ಹುಡುಗಿಗೂ ಮಕ್ಕಳಾಗಲಿಲ್ಲ. ಆಗಲಾದರೂ ಯಾರಾದರೂ ಬೀಜದ ಕಡೆ ನೋಡಿದರೇ? ಇಲ್ಲ. ಹೊಲ ಎರಡಾಯಿತು, ದೂರು ಬದಲಾಗಲಿಲ್ಲ. ಆ ಹುಡುಗಿಯನ್ನು ಕೂಡಲಿಗೆ ಕರೆದುಕೊಂಡು ಹೋಗಿ ಪ್ರದಕ್ಷಿಣೆ ಹಾಕಿಸಿದವಳು ನನ್ನ ಅತ್ತೆಯೇ. ಮಾವನನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದ್ದರಿಂದ ಕೊರತೆ ಯಾರಲ್ಲಿತ್ತು ಎಂದು ನಾನ್ಯಾರು ಹೇಳಲು? ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಕನ್ನಡದಲ್ಲಿ ಈ ಮಾತುಗಳನ್ನು ಬಿಚ್ಚಿ ಹೇಳಿದವರು ಇರಲಿಲ್ಲವೆಂದಲ್ಲ. ವೈದ್ಯೆ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳನ್ನು ಬರೆದಿದ್ದರು. ನಮ್ಮ ಹಾಸ್ಟೆಲ್ಲಿನಲ್ಲಿ ಅದು ಕ್ಯಾಲೆಂಡರ್ ಹಾಳೆಯ ರ್‍ಯಾಪರ್ ಹಾಕಿಸಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ನಾನು ಅತ್ತೆಗೆ ಒಂದು ಪ್ರತಿ ಕೊಡಬೇಕೆಂದುಕೊಂಡೆ. ಆದರೆ ಅತ್ತೆಗೆ ಓದು ಬಾರದು.

1988ರಲ್ಲಿ ಅತ್ತೆ ಕಣ್ಣು ತೋರಿಸಲು ಮೈಸೂರಿಗೆ ಬಂದಿದ್ದಳು. ಆಸ್ಪತ್ರೆಯ ಕೆಲಸ ಬೇಗ ಮುಗಿಯಿತು. ನಿನ್ನ ಕಾಲೇಜು ತೋರ್ಸವ್ವ ಎಂದಳು. ನಮ್ಮ ಮೇಷ್ಟ್ರನ್ನು ಕೇಳಿದೆ. ಕರೆದುಕೊಂಡು ಬಾ ಎಂದರು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ನಾನೇ ಮಾಡಿದ್ದ ಹಾವುರಾಣಿಯ ಸ್ಲೈಡು ಇಟ್ಟು, ನಾನೂರು ಪಟ್ಟು ದೊಡ್ಡದಾಗಿ ಕಾಣುವಂತೆ ಹೊಂದಿಸಿದೆ. ಅತ್ತೆ ಒಂದು ಕಣ್ಣು ಮುಚ್ಚಲು ಬಾರದೆ ಅಂಗೈ ಅಡ್ಡ ಹಿಡಿದು ಬಗ್ಗಿದಳು.

"ಏನವ್ವ ಇದು, ರಾಗಿ ಕಾಳು ಚೆಲ್ಲದಂಗದೆ."

"ಹಾವುರಾಣಿದು ಅತ್ತೆ. ಗಂಡಿನದು. ಬೀಜ ಆಗೋ ಜಾಗ. ಹೊರಗಡೆ ಇರೋ ಕಾಳು ಒಳಕ್ಕೆ ಬರ್ತಾ ಬರ್ತಾ ಸೂಜಿಯಂಗೆ ಆಗ್ತದೆ, ನೋಡು."

ಬಹಳ ಹೊತ್ತು ನೋಡಿದಳು. ಆಮೇಲೆ ನಾನು ಎರಡನೆಯ ಸ್ಲೈಡು ಇಟ್ಟೆ. ಋತು ಮುಗಿದ ಮೇಲಿನದು.

"ಇದ್ಯಾಕೆ ಬರಿದು?"

"ಇದೂ ಗಂಡಿನದೇ. ಕಾಲ ಮುಗಿದ ಮೇಲಿಂದು."

"ಗಂಡಿಗೂ ಕಾಲ ಅಂತ ಇರ್ತದಾ?"

"ಹಾವು, ಓತಿಕ್ಯಾತಕ್ಕೆಲ್ಲ ಇರ್ತದೆ. ಮನುಷ್ಯರಿಗೆ ಹಂಗಿಲ್ಲ. ಆದ್ರೆ ಕೆಲವು ಗಂಡಸರಿಗೆ ಯಾವಾಗ್ಲೂ ಹಿಂಗೇ ಬರಿದಾಗಿರ್ತದೆ, ಅತ್ತೆ. ಹೊರಗಡೆಯಿಂದ ಗೊತ್ತಾಗಲ್ಲ."

ಅತ್ತೆ ತಲೆ ಎತ್ತಲಿಲ್ಲ. ಮಸೂರದ ಮೇಲೆ ಬಗ್ಗಿಕೊಂಡೇ ಕೇಳಿದಳು: "ಅಂದ್ರೆ ಬೀಜದಲ್ಲೂ ಜೊಳ್ಳು ಇರ್ತದೆ."

ಜೊಳ್ಳು. ಎರಡು ವರ್ಷ ಓದಿದ್ದರೂ ಆ ಪದ ನನಗೆ ಹೊಳೆದಿರಲಿಲ್ಲ. ಕಾಲುವೆ ಬಯಲಿನ ರೈತರ ಮನೆ ಅತ್ತೆಯದು. ಭತ್ತ ಬಿತ್ತುವ ಮುಂಚೆ ಉಪ್ಪುನೀರು ಕಲಸಿ, ಹದ ಬಂತೇ ಎಂದು ಮೊಟ್ಟೆ ತೇಲಿಸಿ ನೋಡಿ, ಬಿತ್ತನೆ ಭತ್ತ ಸುರಿದು, ತೇಲಿದ ಜೊಳ್ಳನ್ನು ಬಳಿದು ಹಾಕುತ್ತಿದ್ದವಳು ಅವಳೇ. ಮೊಳಕೆ ಪರೀಕ್ಷೆಗೆಂದು ಒದ್ದೆ ಗೋಣಿಯಲ್ಲಿ ನೂರು ಕಾಳು ಕಟ್ಟಿ, ಬಿಚ್ಚಿ ಎಣಿಸುತ್ತಿದ್ದವಳೂ ಅವಳೇ. ಪೈರು ಬರದಿದ್ದರೆ ಮೊದಲು ಬೀಜ ನೋಡು ಎಂಬುದು ಆ ಊರಿನ ಪ್ರತಿ ರೈತನಿಗೂ ಗೊತ್ತು.

"ನಾವು ಬಿತ್ತೋ ಮುಂಚೆ ಉಪ್ಪುನೀರಿಗೆ ಹಾಕ್ತೀವಿ," ಎಂದಳು. ಮುಂದೆ ಮಾತಾಡಲಿಲ್ಲ.

ಲೇವನ್‌ಹುಕ್ ಕಂಡು 311 ವರ್ಷ, ಶೇಷಾಚಾರ್ ಬರೆದು 45 ವರ್ಷ ಆಗಿತ್ತು. ಅದಿಷ್ಟೂ ತಿಳಿವಳಿಕೆ ನಂಜನಗೂಡಿನಿಂದ ಒಂದು ಗಂಟೆಯ ಬಸ್ಸಿನ ದೂರದಲ್ಲಿ, ಗಾಜಿನ ಮೇಲೆ ಅಂಟಿಕೊಂಡು, ಇಂಗ್ಲಿಷಿನ ಪುಟಗಳಲ್ಲಿ ಕೂತಿತ್ತು. ಅದನ್ನು ತಿ. ನರಸೀಪುರದ ಕಡೆಯ ಹೆಣ್ಣುಮಗಳ ಭಾಷೆಗೆ ಒಂದೇ ಪದದಲ್ಲಿ ತಂದದ್ದು ಓದು ಬಾರದ ಅವಳೇ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಗದ್ದೆ ಬದುವಿನ ಆ ಎರಡು ಕೆರೆಹಾವುಗಳ ನಿಜವನ್ನು ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಟ್ರಂಕಿನ ತಳದ ಟವೆಲ್ಲು ನೆನಪಾಗಿ ಸುಮ್ಮನಾದೆ. ಬಸ್ಸು ಬಂತು. ಅತ್ತೆ ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಾಗ ಸವತಿಯ ವಿಷಯ ಎತ್ತಿದಳು.

"ಅವಳು ಇನ್ನೂ ಚಿಕ್ಕೋಳು ಕಣವ್ವ, ದಿನಾ ಅಳ್ತಾಳೆ. ಅವಳ್ನೂ ಒಂದ್ಸಲ ಕರ್ಕೊಂಡು ಬತ್ತೀನಿ. ಆ ಗಾಜು ತೆಗೆದಿಟ್ಟಿರು."

ಮುಂದಿನ ತಿಂಗಳು ಇಬ್ಬರೂ ಒಟ್ಟಿಗೆ ಬಂದರು.